ಅಣ್ಣನ ಅಂಗೈಯಗಲದ ಲಾರಿ

ನಮ್ಮಣ್ಣ ಹಿಮ ಬೀಳುವ ದೇಶಗಳಲ್ಲೆಲ್ಲ ಲಾರಿ ಓಡಿಸಿ ಬಂದವನು. ಆದರೆ ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ಬಸ್ಸು ಹತ್ತಿದರೆ ಅರ್ಧ ದಾರಿಯಲ್ಲೇ ವಾಂತಿ ಮಾಡುತ್ತಾನೆ. ನಂಬುವುದಿಲ್ಲವೇ? ನಂಬಲೇಬೇಕು. ಅವನ ಲಾರಿ ಇರುವುದು ಕಂಪ್ಯೂಟರಿನೊಳಗೆ!

ಚಿಂತಾಮಣಿಯಲ್ಲಿ ಒಂದು ಸೈಬರ್ ಸೆಂಟರ್ ಬಾಗಿಲು ಹಾಕಿದಾಗ ಅಲ್ಲಿದ್ದ ಹಳೇ ಕಂಪ್ಯೂಟರೊಂದನ್ನು ತಂದು ನಡುಮನೆಯಲ್ಲಿಟ್ಟ. ಮೀಸೆ ನರೆತ ಮನುಷ್ಯ, ಅದರಲ್ಲಿ ಲಾರಿ ಆಟ ಶುರುಮಾಡಿದ. ಆಡುವಾಗ ಎಡಗೈಯಲ್ಲಿ ನಿಂಬೆಹಣ್ಣು. ತಲೆ ಸುತ್ತಿದರೆ ಮೂಸಬೇಕಲ್ಲ! ಆಯುಧಪೂಜೆಯ ದಿನ ಊರವರೆಲ್ಲ ಗಾಡಿ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರೆ, ಇವನು ಮೌಸಿನ ಕೆಳಗಿಟ್ಟು ಒತ್ತಿದ. ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಮೌಸು ಒಡೆಯಿತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿತ್ತು. ಪರದೆ ಅಷ್ಟಗಲ ಇದ್ದರೂ ಆಟ ಮಾತ್ರ ಒಂದು ಮೂಲೆಯಲ್ಲಿ, ಅಂಗೈಯಗಲದ ಚೌಕದಲ್ಲಿ. ಹಾಲು ಹಾಕಲು ಬಂದ ಪಕ್ಕದ ಮನೆಯವನು ಒಮ್ಮೆ ಬಗ್ಗಿ ನೋಡಿ ಕೇಳಿದ:

“ಏನಣ್ಣಾ, ಇದು ಲಾರಿನಾ, ಬೆಂಕಿಪೊಟ್ಣನಾ? ದೊಡ್ಡದು ಮಾಡ್ಕೊಬಾರ್ದಾ?”

“ದೊಡ್ಡದಾದ್ರೆ ತಲೆ ತಿರುಗ್ತದೆ ಕಣಪ್ಪ. ನಿನ್ ಹಾಲು ನೋಡ್ಕೊ, ನೀರು ಜಾಸ್ತಿ ಆಗೈತೆ.”

ಪರದೆಯ ಉಳಿದ ಜಾಗದಲ್ಲಿ ನಮ್ಮ ರೇಷ್ಮೆ ಹುಳು ಮನೆಯ ಕ್ಯಾಮೆರಾ ಚಿತ್ರ. ಹುಳು ಮನೆ ಇರುವುದು ಕೆರೆ ಏರಿಯ ಆಚೆ, ತೋಟದಲ್ಲಿ. ಹಿಂದಿನ ಬೆಳೆಯಲ್ಲಿ ನಾನೊಬ್ಬಳೇ ಅಲ್ಲಿದ್ದಾಗ ಮೂರ್ಛೆ ಬಂದು ಬಿದ್ದಿದ್ದೆ. ಅತ್ತಿಗೆ ಸೊಪ್ಪು ಹೊತ್ತು ಬರುವವರೆಗೆ ಯಾರಿಗೂ ತಿಳಿದಿರಲಿಲ್ಲ. ಅದಾದ ಮೇಲೆ ನನಗೆ ದಿನಾ ಮಾತ್ರೆ ಶುರುವಾಯಿತು, ಅಣ್ಣ ಕ್ಯಾಮೆರಾ ಹಾಕಿಸಿದ. ಯಾಕೆಂದು ಕೇಳಿದ್ದಕ್ಕೆ, “ಹುಳು ನೋಡ್ಕೊಳ್ಳೋಕೆ” ಎಂದ. ನನಗೆ ಎಂಥ ಸಿಟ್ಟು ಬಂತೆಂದರೆ! ಬಿದ್ದವಳು ತಂಗಿ, ಇವನಿಗೆ ಚಿಂತೆ ಹುಳುವಿನದು!

ಆ ಸಿಟ್ಟು ಹೊಟ್ಟೆಯಲ್ಲೇ ಇತ್ತು. ಈ ಸಲದ ಬೆಳೆ ಹಣ್ಣಾಗುವ ದಿನ ಬಂತು. ಹಣ್ಣಾಗಿ ಮೇವು ಬಿಟ್ಟ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅಷ್ಟೂ ದಿನದ ದುಡಿಮೆ ಮಣ್ಣುಪಾಲು. ನಾನು ತೋಟಕ್ಕೆ ಹೊರಟು ನಿಂತರೆ ಅಣ್ಣ ನೆಮ್ಮದಿಯಾಗಿ ಲಾರಿ ನಿಲ್ಲಿಸಿ ಸ್ನಾನಕ್ಕೆ ಹೋದ. ತಡೆಯಲಾಗಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಆಟ ಪರದೆ ತುಂಬುತ್ತದೆಂದು ಫೋನಿನಲ್ಲಿ ನೋಡಿ ಕಲಿತಿದ್ದೆ. ತುಂಬಲಿ, ಇವನಿಗೆ ಚೆನ್ನಾಗಿ ತಲೆ ತಿರುಗಲಿ ಎಂದು ಎರಡನ್ನೂ ಒತ್ತಿದೆ.

ಲಾರಿ ಒಮ್ಮೆ ಆನೆಯಷ್ಟಾಯಿತು. ಮರುಕ್ಷಣ ಪರದೆ ಪೂರ್ತಿ ಕಪ್ಪು! ನಡುವೆ ಇಂಗ್ಲಿಷಿನಲ್ಲಿ ಏನೋ ಬರೆದ ಸಣ್ಣ ಡಬ್ಬಿ ಅತ್ತಿಂದಿತ್ತ ಓಡಾಡುತ್ತಿತ್ತು. ಲಾರಿಯೂ ಇಲ್ಲ, ಹುಳು ಮನೆಯೂ ಇಲ್ಲ. ಮತ್ತೆ ಒತ್ತಿದೆ. ಕಪ್ಪು. ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ಕಪ್ಪೋ ಕಪ್ಪು. ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ಹೇಳಿಬಿಡಬಹುದಿತ್ತಲ್ಲವೇ? ಹೇಳಲಿಲ್ಲ. ಫೋನನ್ನೂ ಮರೆತು ತೋಟಕ್ಕೆ ಓಡಿದೆ.

ಮನೆಯಲ್ಲಿ ನಡೆದದ್ದನ್ನು ಆಮೇಲೆ ಅತ್ತಿಗೆ ಹೇಳಿದಳು. ಅಣ್ಣ ಕಪ್ಪು ಪರದೆ ನೋಡಿ ಮೊದಲು ನನಗೆ ಫೋನು ಮಾಡಿದ್ದಾನೆ. ಅದು ಅವನ ಪಕ್ಕದಲ್ಲೇ ಬಡಿದುಕೊಂಡಿದೆ. ಆಮೇಲೆ ಚಿಂತಾಮಣಿಯ ಕಂಪ್ಯೂಟರ್ ರಿಪೇರಿಯವನಿಗೆ ಮಾಡಿದ್ದಾನೆ.

“ಆಟ ಫುಲ್ ಸ್ಕ್ರೀನಿಗೆ ಹೋಗೈತಣ್ಣಾ. ನಿಮ್ದು ಹಳೇ ಮಾನಿಟರು, ಅಷ್ಟು ತಡ್ಯಲ್ಲ. ಆಲ್ಟು, ಎಂಟರು ಒತ್ತಿ.”

“ಒತ್ತಿದೆ ಕಣಪ್ಪ, ಏನೂ ಇಲ್ಲ.”

“ಎರಡೂ ಒಟ್ಟಿಗೇ ಒತ್ತಿದ್ರಾ?”

“ಒಂದಾದ್ಮೇಲೆ ಒಂದು. ಇನ್ನೊಂದ್ ಕೈಯಾಗೆ ನಿಂಬೆಹಣ್ಣೈತೆ.”

“ಅಯ್ಯೋ ದೇವುಡಾ! ಅದನ್ನ ಕೆಳಗಿಡಣ್ಣಾ!”

ಇಟ್ಟು ಒತ್ತಿದರೂ ಬರಲಿಲ್ಲ. ಆಲ್ಟ್ ಜತೆ ಟ್ಯಾಬ್ ಒತ್ತಿದರೂ ಬರಲಿಲ್ಲ.

“ಹಂಗಾದ್ರೆ ಆಟ ಸಿಕ್ಕಾಕೊಂಡೈತೆ. ಆಫ್ ಮಾಡಿ ಆನ್ ಮಾಡಿ. ಐದು ನಿಮಿಷ ಅಷ್ಟೇ.”

“ಐದು ನಿಮಿಷನಾ?” ಎಂದವನೇ ಅಣ್ಣ ಫೋನನ್ನು ಅತ್ತಿಗೆಯ ಕೈಗೆ ತುರುಕಿದ. ಆ ಕಡೆಯಿಂದ ರಿಪೇರಿಯವನು ಕೂಗುತ್ತಲೇ ಇದ್ದನಂತೆ: “ಅಣ್ಣಾ, ಬಂತಾ? ಬಂತಾ?”

“ಬರ್ಲಿಲ್ಲಪ್ಪ, ಇವ್ರೇ ಹೋದ್ರು” ಎಂದಳಂತೆ ಅತ್ತಿಗೆ.

ಇತ್ತ ನಾನು ಹಣ್ಣಾದ ಹುಳು ಆರಿಸುತ್ತಿದ್ದೆ. ಆರಿಸುವುದೇನು, ಮನಸ್ಸೆಲ್ಲ ಮನೆಯಲ್ಲಿದ್ದು ಕಾಯಿ ಹುಳುವೂ ಚಂದ್ರಿಕೆಗೆ ಹೋಗುತ್ತಿತ್ತು. ನಡುನಡುವೆ ಕ್ಯಾಮೆರಾ ಕಡೆ ತಿರುಗಿ ಏನೂ ಅರಿಯದವಳ ಮುಖ ಮಾಡುತ್ತಿದ್ದೆ. ಆ ಕಡೆ ಕತ್ತಲೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಿತ್ತು?

ನಮ್ಮ ಹುಳು ಮನೆ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿದೆ. ಅದರಲ್ಲಿ ಕಾಲದ್ದದೆ ಯಾರೂ ಒಳಗೆ ಬರುವಂತಿಲ್ಲ, ಹುಳುವಿಗೆ ರೋಗ ಹತ್ತುತ್ತದೆ. ಸ್ವಂತ ಮಾವ ಕಾಲದ್ದಲಿಲ್ಲವೆಂದು ಅವರನ್ನು ಬಿಸಿಲಲ್ಲೇ ನಿಲ್ಲಿಸಿದ್ದ ಪುಣ್ಯಾತ್ಮ ನಮ್ಮಣ್ಣ. ಅವತ್ತು ಅವನೇ ಒದ್ದೆ ಮೈಗೆ ಅಂಟಿದ ಪಂಚೆಯಲ್ಲಿ, ಕೆಸರು ಕಾಲಲ್ಲಿ, ಆ ನೀರನ್ನು ದಾಟಿಕೊಂಡು ಒಳಗೆ ನುಗ್ಗಿದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗೋಡೆಗೊರಗಿದ. ಉಸಿರು ಸಿಗುತ್ತಿರಲಿಲ್ಲ.

“ಏನಣ್ಣಾ?”

“ಏನಿಲ್ಲ. ಹುಳು ನೋಡೋಣ ಅಂತ ಬಂದೆ.”

ಹುಳುವಿನ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಸಂಜೆ ರಿಪೇರಿಯವನು ಬಂದು ಸರಿಮಾಡಿ ಹೋದ. ಅಣ್ಣನ ಹಿಂದೆ ನಿಂತು ಪರದೆ ನೋಡಿದೆ. ತೋಟದಿಂದ ಬರುವ ಆ ಚಿತ್ರವನ್ನು ನಾನು ಅದುವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಚಿತ್ರ ಓಡುವ ಹೊತ್ತಿಗೆ ನಾನು ಅದರೊಳಗೇ ಇರುತ್ತಿದ್ದೆನಲ್ಲ! ಹುಳುವಿನ ತಟ್ಟೆಗಳು ಅಂಚಿನಲ್ಲಿ ಅರ್ಧಂಬರ್ಧ ಕಾಣುತ್ತಿದ್ದವು. ನಟ್ಟನಡುವೆ ಇದ್ದದ್ದು ನಾನು ಸೊಪ್ಪು ಹೆಚ್ಚಲು ಕೂರುವ ಮಣೆ.

“ಅಣ್ಣಾ, ಬೆಳಿಗ್ಗೆ ಒತ್ತಿದ್ದು ನಾನೇ.”

ಅವನು ತಿರುಗಲಿಲ್ಲ. “ಗೊತ್ತು ಕಣೇ. ಮಾತ್ರೆ ನುಂಗಿದ್ಯಾ?”

“ಹೂಂ” ಎಂದೆ. ಅದೂ ಸುಳ್ಳೇ. ಒಳಗೆ ಹೋಗಿ ನುಂಗಿ ಬಂದೆ.