ಹಡಗಿನ ಪಾನೀಯ ಪ್ಯಾಕೇಜಿನ ಪೂರ್ವಾಭ್ಯಾಸ ಹಾಗೂ ಪತ್ತೆಯಾದ ಸೋರಿಕೆಯ ಕುರಿತು

ಮನೆ ಆಡಳಿತ, ಪ್ರವಾಸ ಶಾಖೆ
ಕಚೇರಿ: ಊಟದ ಮೇಜು, ಕಾಲು ಅಲ್ಲಾಡುವ ಬದಿ

ಸಂಖ್ಯೆ: ಮಆ/ಪ್ರಶಾ/ಪಾನೀಯ/ಮೂರು
(ಒಂದನೆಯದನ್ನು ಮಗಳು ಹರಿದಿರುತ್ತಾಳೆ. ಎರಡನೆಯದನ್ನು ಹೊರಡಿಸಿದವರೇ ಹರಿದಿರುತ್ತಾರೆ.)

ಸುತ್ತೋಲೆ

ವಿಷಯ: ಹಡಗು ಪ್ರವಾಸದಲ್ಲಿ ಕುಡಿದಷ್ಟೂ ಕೊಡುವ ಪ್ಯಾಕೇಜನ್ನು ಕೊಳ್ಳಬೇಕೇ ಬೇಡವೇ ಎಂಬ ಬಗ್ಗೆ, ಮತ್ತು ‘ನಾನು ಬರಲ್ಲ’ ಎಂದಿರುವ ಶ್ರೀಮತಿಯವರನ್ನು ಹೊರಡಲು ಒಪ್ಪಿಸುವ ಬಗ್ಗೆ.

ಉಲ್ಲೇಖ:
1) ಹಡಗಿನ ಕಂಪನಿಯ ಬಣ್ಣದ ಕರಪತ್ರ, ಹಿಂಬದಿಯ ಸಣ್ಣಕ್ಷರವೂ ಸೇರಿ.
2) ಭಾವಮೈದುನನ ಫೋನ್ ಕರೆಗಳು, ಕೇಳದಿದ್ದರೂ ಬಂದವು.
3) ಅಡುಗೆಮನೆ ಬಾಗಿಲಲ್ಲಿ ನಿಂತು ಶ್ರೀಮತಿಯವರು ನೀಡಿದ ಮೌಖಿಕ ನಿರಾಕರಣೆ.

ಪೀಠಿಕೆ:

ಈ ಮನೆಯ ಮುಖ್ಯಸ್ಥರು ನಗರದ ನೀರು ಸರಬರಾಜಿನಲ್ಲಿ ಸೋರಿಕೆ ಪತ್ತೆ ಮಾಡುವ ತಂಡದ ಮೇಸ್ತ್ರಿಯಾಗಿರುತ್ತಾರೆ. ಟ್ಯಾಂಕಿನಿಂದ ಬಿಟ್ಟ ನೀರು ನಲ್ಲಿಗೆ ಬಂದು ಮುಟ್ಟದಿದ್ದರೆ, ನಡುವೆ ಎಲ್ಲಿ ಪೋಲಾಗುತ್ತಿದೆ ಎಂಬುದನ್ನು ರಸ್ತೆಗೆ ಕಬ್ಬಿಣದ ಸಲಾಕೆ ಊರಿ, ಅದರ ತುದಿಗೆ ಕಿವಿಯಿಟ್ಟು ಹೇಳುವುದು ಅವರ ಕೆಲಸ. ನೆಲದಡಿಯ ಸದ್ದು ಇವರಿಗೆ ಚೆನ್ನಾಗಿ ಕೇಳಿಸುತ್ತದೆ, ಮನೆಯೊಳಗೆ ಹೇಳಿದ್ದು ಕೇಳಿಸುವುದಿಲ್ಲ ಎಂಬ ದೂರೊಂದು ಬಹುಕಾಲದಿಂದ ಇತ್ಯರ್ಥವಾಗದೆ ಉಳಿದಿದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಇಳಿದು ಬಾಯಿಗೆ ಬಂದಾಗ ಪಕ್ಕದ ಮನೆಯವರು ತಮ್ಮ ಟಿ.ವಿ. ಸದ್ದು ತಗ್ಗಿಸಿ ಇದನ್ನು ಕೇಳುತ್ತಾರೆ.

ಶ್ರೀಮತಿಯವರು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವವರು. ಸಮುದ್ರದ ನಡುವೆ ಒಮ್ಮೆ ಸುಮ್ಮನೆ ಕೂತು ಬರಬೇಕೆಂಬ ಅವರ ಕೋರಿಕೆಯನ್ನು ಮದುವೆಯಾದಾಗಿನಿಂದ ‘ಮುಂದಿನ ವರ್ಷ ನೋಡೋಣ’ ಎಂಬ ಷರಾದೊಂದಿಗೆ ಮುಂದೂಡುತ್ತ ಬರಲಾಗಿತ್ತು. ಈ ವರ್ಷ ಕೋರಿಕೆದಾರರೇ ಇಬ್ಬರಿಗೂ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟಿದ್ದರಿಂದ ಮುಂದೂಡಲು ಅವಕಾಶವಾಗಲಿಲ್ಲ.

ಹೀಗಿರುವಲ್ಲಿ ಕರಪತ್ರ ಬಂದಿತು. ಹಡಗಿನ ಊಟದ ಕೋಣೆಯಲ್ಲಿ ನೀರು, ಚಹಾ ಹೇಗೂ ಪುಕ್ಕಟೆ. ಅದರ ಮೇಲೆ ಒಂದು ಮೊತ್ತ ಮುಂಗಡ ಕಟ್ಟಿದರೆ ಕಾಫಿ, ಹಣ್ಣಿನ ರಸ, ಸೋಡಾ, ಬಿಯರು, ಹೆಸರು ಹೇಳಲು ಬಾರದ ಬಣ್ಣಬಣ್ಣದ ಪಾನೀಯಗಳು, ಎಲ್ಲವೂ ಪ್ರವಾಸ ಮುಗಿಯುವವರೆಗೆ ಕುಡಿದಷ್ಟು ಲಭ್ಯ. ಒಂದೇ ಷರತ್ತು: ಒಂದು ಕೋಣೆಯಲ್ಲಿರುವ ದೊಡ್ಡವರಲ್ಲಿ ಒಬ್ಬರು ಕಟ್ಟಿದರೆ ಇನ್ನೊಬ್ಬರೂ ಕಟ್ಟಲೇಬೇಕು. ಊರಿಗೆ ಸರದಿ ಪ್ರಕಾರ ನೀರು ಹಂಚುವ ಇಲಾಖೆಯಲ್ಲಿ ಜೀವಮಾನವಿಡೀ ದುಡಿದ ಮನುಷ್ಯನಿಗೆ ‘ಕುಡಿದಷ್ಟು’ ಎಂಬ ಪದ ಓದಿ ತಲೆ ತಿರುಗಿತು. ತಿರುಗಿದ ತಲೆಯನ್ನು ಭಾವಮೈದುನ ಇನ್ನೊಂದು ಸುತ್ತು ತಿರುಗಿಸಿದನು. ಎಲ್ಲಿ ಏನು ರಿಯಾಯಿತಿ ಸಿಕ್ಕಿದರೂ ಬೇಕೋ ಬೇಡವೋ ಕೊಂಡು ತರುವ ಇವನನ್ನು ಮನೆಯಲ್ಲಿ ‘ಆಫರ್ ಮಾವ’ ಎಂದು ಕರೆಯಲಾಗುತ್ತದೆ. ಅವನ ಹೇಳಿಕೆ ಯಥಾವತ್ತಾಗಿ ಹೀಗಿದೆ:

“ಭಾವ, ಯೋಚನೆ ಮಾಡೋಕೇನಿದೆ ಇದರಲ್ಲಿ? ಬೆಳಗ್ಗೆ ಶುರು ಮಾಡಿದ್ರೆ ಮಧ್ಯಾಹ್ನಕ್ಕೆ ಕೊಟ್ಟ ದುಡ್ಡು ವಸೂಲಿ. ಆಮೇಲೆ ಕುಡಿದಿದ್ದೆಲ್ಲ ಲಾಭ.”

“ಹೊಟ್ಟೆ ಯಾರದಯ್ಯ?”

“ಹೊಟ್ಟೆ ನಿಮ್ದೇ ಭಾವ. ಲಾಭಾನೂ ನಿಮ್ದೇ.”

ಈ ತರ್ಕಕ್ಕೆ ಮುಖ್ಯಸ್ಥರು ಬಿದ್ದರು. ಬಿದ್ದವರು ಸುಮ್ಮನಿರದೆ ಅಡುಗೆಮನೆಗೆ ಹೋಗಿ, “ನೀನು ಏನೂ ಕುಡಿಯೋದೇ ಇಲ್ಲ, ಅದೇ ತೊಂದರೆ. ನಿನ್ನ ದುಡ್ಡು ದಂಡ ಆಗುತ್ತೆ. ಹೊರಡೋದರೊಳಗೆ ಸ್ವಲ್ಪ ಕುಡಿಯೋದು ಕಲಿ” ಎಂದು ಶ್ರೀಮತಿಯವರಿಗೆ ಸೂಚಿಸಿದರು. ಇದಕ್ಕೆ ಬಂದ ಉತ್ತರವೇ ಮೇಲಿನ ಉಲ್ಲೇಖ ಮೂರು:

“ನನ್ನ ತಮ್ಮನ್ನೇ ಕರ್ಕೊಂಡು ಹೋಗಿ ರೀ. ಇಬ್ರೂ ಲೋಟ ಹಿಡ್ಕೊಂಡು ಎದುರುಬದುರು ಕೂತ್ಕೊಳ್ಳಿ. ನಾನು ಬರಲ್ಲ.”

ತಪ್ಪಾಯಿತು ಎಂದು ಹೇಳುವ ನಮೂನೆ ಈ ಮನೆಯಲ್ಲಿ ಯಾವತ್ತೂ ಮುದ್ರಣವಾಗಿಲ್ಲ. ಆದ್ದರಿಂದ ಮುಖ್ಯಸ್ಥರು ತಮಗೆ ತಿಳಿದ ಇನ್ನೊಂದು ದಾರಿ ಹಿಡಿದು, ತಾವು ಹೇಳಿದ್ದೇ ಸರಿ ಎಂದು ರುಜುವಾತು ಮಾಡಲು ಭಾನುವಾರ ಮನೆಯಲ್ಲೇ ಪೂರ್ವಾಭ್ಯಾಸ ನಡೆಸುವಂತೆ ಆದೇಶಿಸಿದರು. ಎರಡನೆಯ ಸುತ್ತೋಲೆಯ ಮೂಲಕ ಅಂದು ಜಾರಿಯಲ್ಲಿದ್ದ ನಿಯಮಗಳನ್ನು ಎಲ್ಲರ ಅವಗಾಹನೆಗಾಗಿ, ಹಾಗೂ ಹೊರಡಿಸಿದವರ ಮಾನ ಹೋದದ್ದು ಪೂರ್ತಿಯಾಗಿ ಹೋಗಲೆಂದು, ಇಲ್ಲಿ ಮತ್ತೊಮ್ಮೆ ಕೊಡಲಾಗಿದೆ.

1. ಭಾನುವಾರ ಬೆಳಗಿನಿಂದ ಮನೆಯನ್ನು ಹಡಗೆಂದು ಭಾವಿಸತಕ್ಕದ್ದು. ಮುಂದಿನ ಕೋಣೆ ಹಡಗಿನ ಡೆಕ್ಕು. ಬಚ್ಚಲುಮನೆಯನ್ನು ಬಚ್ಚಲುಮನೆಯೆಂದೇ ಭಾವಿಸತಕ್ಕದ್ದು.

2. ಬಾಯಾರಿಕೆಯಾಗಿದೆ ಎಂಬ ಕಾರಣಕ್ಕೆ ಯಾರೂ ಕುಡಿಯತಕ್ಕದ್ದಲ್ಲ. ಬಾಯಾರಿದಾಗ ಕುಡಿಯುವುದು ಪ್ಯಾಕೇಜ್ ಇಲ್ಲದವರ ಪದ್ಧತಿ.

3. ತಳ ಕಾಣುವವರೆಗೆ ಕುಡಿದದ್ದನ್ನು ಮಾತ್ರ ಕುಡಿದದ್ದೆಂದು ಪರಿಗಣಿಸಲಾಗುವುದು. ಬಿಸಿಯದನ್ನು ಬಿಸಿಯಾಗಿರುವಾಗಲೇ ಕುಡಿದಿರಬೇಕು. ಆರಿದ್ದು, ಅರ್ಧ ಬಿಟ್ಟದ್ದು ಲೆಕ್ಕಕ್ಕಿಲ್ಲ.

4. ಒಬ್ಬರ ಲೋಟದಿಂದ ಇನ್ನೊಬ್ಬರು ರುಚಿ ನೋಡುವುದನ್ನು ಕಳ್ಳತನವೆಂದು ಪರಿಗಣಿಸಲಾಗುವುದು. ತಂದೆಯ ಹಣ್ಣಿನ ರಸಕ್ಕೆ ತುಟಿ ತಾಗಿಸಿದ ಮಗಳಿಗೆ ಕಾರಣ ಕೇಳುವ ನೋಟಿಸ್ ನೀಡಲಾಗಿದ್ದು, ಅವಳು ಅದರಿಂದ ಕಾಗದದ ದೋಣಿ ಮಾಡಿರುತ್ತಾಳೆ.

5. ನಿದ್ದೆಯು ನಷ್ಟ. ತೂಕಡಿಸಲೇಬೇಕಾದವರು ಲೋಟ ಹಿಡಿದು ತೂಕಡಿಸತಕ್ಕದ್ದು.

6. ಮೂತ್ರವಿಸರ್ಜನೆಗೆ ಹೋಗುವುದು ದುರಸ್ತಿ ಕಾರ್ಯವೆನಿಸುವುದು. ಹೋಗುವವರು ಮುಂದಿನ ಲೋಟಕ್ಕೆ ಹೇಳಿಯೇ ಹೋಗತಕ್ಕದ್ದು.

7. ಹೊರಗಿನವರಿಗೆ ಪ್ರವೇಶವಿಲ್ಲ. ಗೋಡೆಗೆ ತೂತು ಕೊರೆಯಲು ಡ್ರಿಲ್ ಕೇಳಿಕೊಂಡು ಬಂದ ಪಕ್ಕದ ಮನೆಯವರಿಗೆ, ಹಡಗು ಸದ್ಯ ನಡುನೀರಿನಲ್ಲಿದೆ, ಸೋಮವಾರ ಬನ್ನಿ ಎಂದು ಕಿಟಕಿಯಿಂದಲೇ ತಿಳಿಸಲಾಯಿತು. ಅವರು ಹೊರಟುಹೋದರು. ಹೋಗುವಾಗ ತಮ್ಮ ಹೆಂಡತಿಯನ್ನು ಕರೆದು ತೋರಿಸಿದರು.

ಪೂರ್ವಾಭ್ಯಾಸದ ವರದಿ:

8. ಮಗಳನ್ನು ಸಂಬಳವಿಲ್ಲದ ವೀಕ್ಷಕಳನ್ನಾಗಿ ನೇಮಿಸಲಾಯಿತು. ಮುಖ್ಯಸ್ಥರು ಕಾಫಿಯಿಂದ ಆರಂಭಿಸಿ, ಹಣ್ಣಿನ ರಸ ಮುಗಿಸಿ, ಸೋಡಾಕ್ಕೆ ಹೋಗಿ, ಮತ್ತೆ ಕಾಫಿಗೆ ಬಂದು, ‘ಇದೇನು ಮಹಾ’ ಎಂಬ ಮಾತನ್ನು ಬೆಳಗಿನ ತಿಂಡಿಗೆ ಮೊದಲೇ ಆಡಿಬಿಟ್ಟರು. ತಿಂಡಿಗೆ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಆನಂತರದ ಸೋಡಾ ಮೂಗಿನಿಂದ ವಾಪಸು ಬಂದಿತು. ಬಂದದ್ದನ್ನು ಕುಡಿದದ್ದೆಂದು ಬರೆದುಕೊಳ್ಳಬೇಕೆಂಬ ಅವರ ಒತ್ತಾಯವನ್ನು ವೀಕ್ಷಕಳು ತಳ್ಳಿಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಎದೆ ಢವಢವ ಹೊಡೆದುಕೊಳ್ಳತೊಡಗಿ, ಫ್ಯಾನು ನಿಧಾನವಾಗಿ ತಿರುಗುತ್ತಿದೆ ಎಂದು ಫ್ಯಾನಿನ ಮೇಲೆಯೇ ರೇಗಿದರು.

“ಅಪ್ಪಾ, ನೀನು ನಡೆದ್ರೆ ಒಳಗೆ ನೀರು ಕುಲುಕೋದು ಕೇಳಿಸ್ತಿದೆ. ಸಲಾಕೆನೇ ಬೇಡ” ಎಂದು ವೀಕ್ಷಕಳು ವರದಿ ಮಾಡಿದಳು. ಅಷ್ಟರಲ್ಲಿ ಮುಖ್ಯಸ್ಥರು ಸೋಫಾದ ಮೇಲೆ ಒಂದು ಮಗ್ಗುಲಾಗಿ ಮಲಗಿಬಿಟ್ಟಿದ್ದರು; ಇನ್ನೊಂದು ಮಗ್ಗುಲಿಗೆ ಹೊರಳಲು ಧೈರ್ಯ ಸಾಲಲಿಲ್ಲ.

9. ಸದರಿ ದಿನ ಶ್ರೀಮತಿಯವರು ಒಂದು ಲೋಟವನ್ನೂ ಮುಗಿಸಿಲ್ಲವೆಂದು ಕಂಡುಬಂದಿತು. ‘ನಾನು ಹೇಳಲಿಲ್ಲವಾ’ ಎಂದು ಘೋಷಿಸಲು ಮುಖ್ಯಸ್ಥರು ಸೋಫಾದಿಂದ ಎದ್ದು ಕೂತರು. ಅಷ್ಟರಲ್ಲಿ ಹಾಲು ಪೂರ್ತಿ ಮುಗಿದಿದೆ ಎಂಬ ಸುದ್ದಿ ಅಡುಗೆಮನೆಯಿಂದ ಬಂದಿತು. ಇಲ್ಲಿ ಅವರೊಳಗಿನ ಮೇಸ್ತ್ರಿ ಎಚ್ಚೆತ್ತನು. ಮಗಳು ಹಾಲು ಮುಟ್ಟುವವಳಲ್ಲ. ತಾವು ಕುಡಿದದ್ದು ತಮ್ಮ ಹೊಟ್ಟೆಗೆ ಗೊತ್ತು. ಬಿಟ್ಟದ್ದು ಹೆಚ್ಚು, ಮುಟ್ಟಿದ್ದು ಕಡಿಮೆ. ಅಂದರೆ ಮನೆಯಲ್ಲಿ ಎಲ್ಲೋ ಸೋರಿಕೆಯಿದೆ.

10. ಕೂಡಲೇ ತಪಾಸಣೆ ಕೈಗೊಳ್ಳಲಾಯಿತು. ಮೊದಲ ಲೋಟ ಹೊಲಿಗೆ ಯಂತ್ರದ ಹಿಂದೆ, ದಾರದ ಉಂಡೆಗಳ ನಡುವೆ ಪತ್ತೆಯಾಯಿತು. ತುಂಬಿದ ಕಾಫಿ, ತಣ್ಣಗೆ, ಮೇಲೆ ಕೆನೆ. ಎರಡನೆಯದು ಬಟ್ಟೆ ಒಗೆಯುವ ಯಂತ್ರದ ಮೇಲೆ. ಇನ್ನೊಂದು ಫ್ರಿಜ್ಜಿನ ನೆತ್ತಿಯ ಮೇಲೆ. ಮತ್ತೊಂದು ಬಚ್ಚಲುಮನೆ ಬಾಗಿಲ ಪಕ್ಕದ ಗೂಡಿನಲ್ಲಿ. ಎಲ್ಲವೂ ತುಂಬಿದವು, ಎಲ್ಲವೂ ಆರಿದವು. ಮುಖ್ಯಸ್ಥರು ಅವನ್ನೆಲ್ಲ ಒಂದೊಂದಾಗಿ ತಂದು ಮೇಜಿನ ಮೇಲಿಟ್ಟು, “ಯಾರ ಕೆಲಸ ಇದು?” ಎಂದು ಗುಡುಗಿದರು. ವೀಕ್ಷಕಳು ಕೊಟ್ಟ ಸಾಕ್ಷ್ಯ:

“ಎಲ್ಲ ಅಮ್ಮಂದೇ. ಆದ್ರೆ ಕೆಲಸ ನಿಂದು. ಇದು ನೀನು ಟವೆಲ್ ಎಲ್ಲಿ ಅಂದಾಗಿಂದು. ಇದು ನೀಲಿ ಅಂಗಿ ಕೇಳಿದಾಗಿಂದು. ಇದು ಕನ್ನಡಕ ಹುಡುಕಿಸಿದೆಯಲ್ಲ, ಆಗಿಂದು. ನಿನ್ನ ತಲೆ ಮೇಲೇ ಇತ್ತು, ಜ್ಞಾಪಕ ಇದೆ ತಾನೆ?”

“ಈ ಯಂತ್ರದ ಹಿಂದಿಂದು?”

“ಅದಾ? ಇನ್ನೊಂದು ಲೋಟ ತರೋಕೆ ಇಷ್ಟು ಹೊತ್ತಾ ಅಂತ ಕೂಗಿದೆಯಲ್ಲಪ್ಪ.”

11. ಹಡಗಿನಲ್ಲಿ ಪಾನೀಯ ತಂದುಕೊಡಲು ಸಿಬ್ಬಂದಿ ಇರುತ್ತಾರೆ. ಪೂರ್ವಾಭ್ಯಾಸದಲ್ಲಿ ಆ ಸಿಬ್ಬಂದಿ ಯಾರು ಎಂಬ ಪ್ರಶ್ನೆ ಅದುವರೆಗೂ ಮುಖ್ಯಸ್ಥರ ಗಮನಕ್ಕೆ ಬಂದಿರಲಿಲ್ಲವೆಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ. ಅವರು ಮುಂದಿನ ಕೋಣೆಗೆ ಹೋಗಿ ನಿಂತರು. ಶ್ರೀಮತಿಯವರು ಕಾಲರಿಗೆ ಹೊಲಿಗೆ ಹಾಕುತ್ತಿದ್ದರು, ತುಳಿಯುವುದನ್ನು ನಿಲ್ಲಿಸಲಿಲ್ಲ.

“ಮಾಡ್ಕೊಂಡ ಮೇಲೆ ಕುಡೀಬಾರದಿತ್ತಾ?”

“ಕುಡಿಯೋಣ ಅಂತಲೇ ಮಾಡ್ಕೊಂಡೆ. ಕೂತೆ. ನೀವು ಕರೆದ್ರಿ.”

“ಬಂದ ಮೇಲೆ ಕುಡೀಬೇಕಿತ್ತು.”

“ಇಷ್ಟು ವರ್ಷ ಆರಿದ್ದನ್ನೇ ಕುಡಿದೆ. ಇವತ್ತು ನೀವೇ ಬರೆದು ಅಂಟಿಸಿದ್ರಲ್ಲ, ಆರಿದ್ದು ಲೆಕ್ಕಕ್ಕಿಲ್ಲ ಅಂತ. ಅದಕ್ಕೆ ಬಿಟ್ಟೆ.” ದಾರ ಕಡಿದು, ಬಟ್ಟೆ ಮಗ್ಗುಲು ಬದಲಿಸಿ, ತಲೆಯೆತ್ತದೆ ಮುಂದುವರಿಸಿದರು: “ಹಡಗಿಗೆ ಯಾಕೆ ಆಸೆಪಟ್ಟೆ ಅಂತ ಒಂದಿನಾನೂ ಕೇಳಲಿಲ್ಲ ನೀವು. ಅಲ್ಲಿ ನಾನು ಎದ್ದು ಹೋಗೋಕೆ ಅಡುಗೆಮನೆ ಇರಲ್ಲ. ಅಷ್ಟೇ. ನೀವು ಅಲ್ಲಿಗೂ ಇದನ್ನೇ ಹೊತ್ಕೊಂಡು ಹೊರಟ್ರಿ.”

ಮುಖ್ಯಸ್ಥರಿಗೆ ಸಿಟ್ಟು ಬಂದಿತು. ಯಾರ ಮೇಲೆ ಎಂದು ಹುಡುಕಲಾಗಿ ಮನೆಯಲ್ಲಿ ಬೇರೆ ಯಾರೂ ಸಿಗಲಿಲ್ಲ. ಎಷ್ಟೋ ಬೀದಿಗಳಲ್ಲಿ ನೆಲ ಅಗೆಸಿ ಒಡೆದ ಪೈಪು ತೋರಿಸಿದವರು ತಾವೇ ಆ ಪೈಪು ಎಂದು ಗೊತ್ತಾದಾಗ ಏನು ಮಾಡಬೇಕೆಂಬ ಬಗ್ಗೆ ಕೈಪಿಡಿಯಲ್ಲಿ ಏನೂ ಬರೆದಿಲ್ಲ. ಎರಡನೆಯ ಸುತ್ತೋಲೆಯನ್ನು ಗೋಡೆಯಿಂದ ಕಿತ್ತು ಹರಿದುಹಾಕಿ, ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ, ಈ ಕೆಳಗಿನಂತೆ ಆದೇಶಿಸಲಾಗಿದೆ.

ಆದೇಶ:

12. ಪಾನೀಯ ಪ್ಯಾಕೇಜನ್ನು ಕೊಳ್ಳತಕ್ಕದ್ದಲ್ಲ. ಕುಡಿದಷ್ಟೂ ಲಾಭವೆಂಬ ವಾದವನ್ನು ಮುಖ್ಯಸ್ಥರ ಹೊಟ್ಟೆ ವಜಾ ಮಾಡಿರುತ್ತದೆ. ಶ್ರೀಮತಿಯವರಿಗೆ ಬೇಕಾಗಿರುವುದು ಕರಪತ್ರದ ಯಾವ ಪಟ್ಟಿಯಲ್ಲೂ ಇಲ್ಲ, ಸಣ್ಣಕ್ಷರದಲ್ಲೂ ಇಲ್ಲ.

13. ಅವರು ಹಡಗಿನಲ್ಲಿ ತಮಗೆ ಇಷ್ಟವಾದದ್ದನ್ನು ಬಿಡಿಯಾಗಿ ತರಿಸಿಕೊಳ್ಳತಕ್ಕದ್ದು. ಮುಖ್ಯಸ್ಥರು ಅದರ ಬೆಲೆಯನ್ನು ಗಟ್ಟಿಯಾಗಿ ಓದತಕ್ಕದ್ದಲ್ಲ. ಮನಸ್ಸಿನಲ್ಲಿ ಓದಿಕೊಂಡರೂ ಮುಖದಲ್ಲಿ ತೋರಿಸತಕ್ಕದ್ದಲ್ಲ. ಮುಖದಲ್ಲಿ ತೋರಿಹೋದರೆ ಸಮುದ್ರದ ಕಡೆ ತಿರುಗಿ ನಿಲ್ಲತಕ್ಕದ್ದು.

14. ಶ್ರೀಮತಿಯವರ ಕೈಗೆ ಲೋಟ ಬಂದ ಕ್ಷಣದಿಂದ ಅದು ಬರಿದಾಗಿ ಕೆಳಗಿಳಿಯುವ ತನಕ ಮುಖ್ಯಸ್ಥರು ಅವರನ್ನು ಕರೆಯತಕ್ಕದ್ದಲ್ಲ. ಕೆಮ್ಮಿ ಕರೆಯುವುದು, ನಿಟ್ಟುಸಿರಿಟ್ಟು ಕರೆಯುವುದು, ‘ನಿನ್ನನ್ನಲ್ಲ, ಸುಮ್ಮನೆ ನನಗೆ ನಾನೇ ಹೇಳಿಕೊಂಡೆ’ ಎನ್ನುತ್ತ ಕರೆಯುವುದು, ಇವೆಲ್ಲ ಕರೆಯುವುದರಲ್ಲೇ ಸೇರುತ್ತವೆ. ಹಡಗು ಮುಳುಗುತ್ತಿದ್ದಲ್ಲಿ ಒಮ್ಮೆ, ತಗ್ಗಿದ ದನಿಯಲ್ಲಿ ಕರೆಯಬಹುದು.

15. ಟವೆಲು, ಅಂಗಿ, ಕನ್ನಡಕಗಳನ್ನು ಮುಖ್ಯಸ್ಥರೇ ಹುಡುಕಿಕೊಳ್ಳುವ ತರಬೇತಿಯನ್ನು ಇಂದೇ ಆರಂಭಿಸಲಾಗಿದೆ. ಮೊದಲ ಪ್ರಯತ್ನದಲ್ಲಿ ಅವರು ಯಾವುದೋ ಶಾಲೆಯ ಹುಡುಗನ ಹೊಸ ಅಂಗಿಯಲ್ಲಿ ಮುಖ ಒರೆಸಿಕೊಂಡಿರುವುದನ್ನು ತರಬೇತಿ ಅವಧಿಯ ದೋಷವೆಂದು ಮನ್ನಿಸತಕ್ಕದ್ದು.

16. ಈ ಆದೇಶವು ನೆಲದ ಮೇಲೂ ಅನ್ವಯಿಸುತ್ತದೆ. ಹಡಗು ಹತ್ತುವವರೆಗೆ ಕಾಯದೆ ಈ ಕೂಡಲೇ ಜಾರಿಗೆ ಬರತಕ್ಕದ್ದು. ಅದರ ಗುರುತಾಗಿ ಮುಖ್ಯಸ್ಥರು ಹೊಸದಾಗಿ ಹಾಲು ತಂದು, ತಾವೇ ಒಲೆಯ ಮುಂದೆ ನಿಂತು, ಒಮ್ಮೆ ಉಕ್ಕಿಸಿ, ಒಲೆ ಒರೆಸಿ, ಎರಡನೆಯ ಸಲಕ್ಕೆ ಒಂದು ಲೋಟ ಕಾಫಿ ತಯಾರಿಸಿ ಯಂತ್ರದ ಪಕ್ಕ ಇಟ್ಟು, ಬಾಯಿ ಬಿಡದೆ ಹೊರಬಂದಿರುತ್ತಾರೆ. ಸದರಿಯವರು ಇದರಿಂದ ಮೆತ್ತಗಾಗಿದ್ದಾರೆಂದು ಯಾರೂ ಭಾವಿಸತಕ್ಕದ್ದಲ್ಲ.

17. ಪ್ರವಾಸಕ್ಕೆ ಬರುವುದು ಬಿಡುವುದು ಶ್ರೀಮತಿಯವರ ವಿವೇಚನೆಗೆ ಬಿಟ್ಟದ್ದು. ಅವರು ಬಾರದಿದ್ದಲ್ಲಿ ಮುಖ್ಯಸ್ಥರೂ ಹೋಗುವುದಿಲ್ಲ. ಭಾವಮೈದುನನ ಜೊತೆಯಂತೂ ಹೋಗುವುದಿಲ್ಲ.

(ಸಹಿ)
ಮನೆಯ ಮುಖ್ಯಸ್ಥರು
ಪ್ರವಾಸ ಶಾಖೆ
(ಮೊಹರು: ಲೋಟದ ತಳದ ಕಾಫಿ ಗುರುತು)

ಪ್ರತಿಗಳು:

1. ಹಡಗಿನ ಕಂಪನಿಗೆ: ಪ್ಯಾಕೇಜ್ ಬೇಡವೆಂದು ತಿಳಿಸುತ್ತ. ಕಾರಣ ಕೇಳಿದರೆ ಕೊಡಲಾಗುವುದಿಲ್ಲ.

2. ಭಾವಮೈದುನನಿಗೆ: ಓದಿಕೊಂಡು ಬಾಯಿ ಮುಚ್ಚಿಕೊಂಡಿರುವ ಬಗ್ಗೆ.

3. ಪಕ್ಕದ ಮನೆಯವರಿಗೆ: ಡ್ರಿಲ್ ಒಯ್ಯಬಹುದು. ಏನನ್ನೂ ಕೇಳತಕ್ಕದ್ದಲ್ಲ.

4. ಮಗಳಿಗೆ: ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು. ಫೋಟೊ ತೆಗೆದು ಯಾರಿಗೂ ಕಳಿಸತಕ್ಕದ್ದಲ್ಲ. (ಕಳಿಸಿಯಾಗಿದೆಯೆಂದು ತಿಳಿದುಬಂದಿದೆ.)

5. ಶ್ರೀಮತಿಯವರಿಗೆ: ಸೂಕ್ತ ಕ್ರಮಕ್ಕಾಗಿ. ಅವರ ಕೈಬರಹದ ಷರಾದೊಂದಿಗೆ ಹಿಂದಿರುಗಿದೆ: ‘ಓದಿದೆ. ಸಕ್ಕರೆ ಹಾಕೋದು ಮರೆತಿದ್ದೀರಿ. ಬಿಸಿ ಇರುವಾಗಲೇ ಪೂರ್ತಿ ಕುಡಿದೆ. ದೊಡ್ಡ ಸೂಟ್‌ಕೇಸ್ ಇಳಿಸಿಡಿ. ಎಲ್ಲಿದೆ ಅಂತ ಕೂಗಬೇಡಿ, ಹುಡುಕಿ.’