ಗೆಣ್ಣು ಮತ್ತು ಗೇಣು

ನಿವೃತ್ತರಾದ ಮೇಷ್ಟ್ರುಗಳಿಗೆ ಒಂದು ಕಾಯಿಲೆ ಇರುತ್ತದೆ. ತಿದ್ದಲು ಮಕ್ಕಳು ಸಿಗದಿದ್ದರೆ ಊರಲ್ಲಿ ಕಂಡದ್ದನ್ನೆಲ್ಲ ತಿದ್ದಲು ಹೊರಡುತ್ತಾರೆ. ಮೂವತ್ತು ವರ್ಷ ಕನ್ನಡ ಕಲಿಸಿದ ನಾನು ಈಗ ಸ್ಪಾನರ್ ಹಿಡಿದಿದ್ದೇನೆ. ನಾನು ರಿಪೇರಿ ಮಾಡಿದ ನಲ್ಲಿಗಳು ನನ್ನಾಕೆಯ ಕೈಗೆ ತಿರುಗುವುದಿಲ್ಲ. ನೀವು ಮುಟ್ಟಿದ್ದು ಸಾಕು ಮಾರಾಯ್ರೆ ಎಂದು ಆಕೆ ಹೇಳುತ್ತಲೇ ಇರುತ್ತಾಳೆ. ಆದರೆ ಕಳೆದ ವರ್ಷ ನಾನು ಮುಟ್ಟಿದ್ದು ಪಕ್ಕದ ಮನೆ ಗಿರಿಜಕ್ಕನ ಗದ್ದೆಯನ್ನು. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಾಗರದಿಂದ ಆನಂದಪುರದ ಕಡೆಗಿರುವ ನಮ್ಮೂರಿನಲ್ಲಿ ನಾಟಿಗಿಂತ ಕೂರಿಗೆ ಬಿತ್ತನೆಯೇ ಹೆಚ್ಚು. ಎತ್ತಿನ ಕೂರಿಗೆ ಹೋಗಿ ಈಗ ಟ್ರ್ಯಾಕ್ಟರ್ ಕೂರಿಗೆ ಬಂದಿದೆ. ಅದರ ಒಂಬತ್ತು ಕುಳಗಳ ಮೇಲೂ ಒಂದೊಂದು ಸ್ಪ್ರಿಂಗು. ನಟ್ಟು ಬಿಗಿದರೆ ಕುಳ ಮಣ್ಣನ್ನು ಒತ್ತಿ ಬೀಜ ಆಳಕ್ಕೆ ಬೀಳುತ್ತದೆ, ಸಡಿಲಿಸಿದರೆ ಮೇಲೆಯೇ ಉಳಿಯುತ್ತದೆ. ಇಷ್ಟನ್ನು ಮೊಬೈಲಿನಲ್ಲಿ ನೋಡಿ ಕಲಿತ ನಾನು, ಗಿರಿಜಕ್ಕನ ಗದ್ದೆಗೆ ಬಾಡಿಗೆ ಕೂರಿಗೆ ಬರುವ ಹಿಂದಿನ ದಿನವೇ, ಹೊಂದಿಸುವ ಕೆಲಸ ನನ್ನದು ಎಂದು ಅವರಿಗೆ ಸಾರಿದೆ. ಗಿರಿಜಕ್ಕ ಬಿತ್ತಲು ತಂದದ್ದು ಅವರ ಅತ್ತೆಯ ಕಾಲದಿಂದ ಉಳಿಸಿಕೊಂಡು ಬಂದ ಕೆಂಪಕ್ಕಿ ಭತ್ತ. ಅಂಗಡಿಯಲ್ಲಿ ಸಿಗುವ ಬೀಜವಲ್ಲ, ಹೋದರೆ ಹೋಯಿತು. ಎಷ್ಟು ಆಳ ಎಂದು ಕೇಳಿದೆ. ಟ್ರ್ಯಾಕ್ಟರಿನ ಸದ್ದಿನ ನಡುವೆ ಅವರು ಒಂದು ಗೆಣ್ಣು ಎಂದರು, ಅಂದರೆ ಬೆರಳಿನ ಒಂದು ಗಂಟು. ನನಗೆ ಕೇಳಿಸಿದ್ದು ಗೇಣು. ಅಷ್ಟೊಂದು ಆಳವೇ ಎಂದು ಅನುಮಾನ ಬಂತು. ಆದರೆ ಮೇಷ್ಟ್ರಾದವನು ಮತ್ತೆ ಕೇಳುವುದುಂಟೆ? ಒಂಬತ್ತು ನಟ್ಟುಗಳನ್ನೂ ಬೆವರು ಕಿತ್ತುಬರುವ ತನಕ ಬಿಗಿದೆ. ಎಷ್ಟು ಬಿಗಿದರೂ ಅರ್ಧ ಗೇಣಿಗೇ ನಿಂತಿತಲ್ಲ ಎಂಬ ಬೇಸರ ಬೇರೆ.

ಹನ್ನೆರಡು ದಿನ ಕಳೆಯಿತು. ಸುತ್ತಲ ಗದ್ದೆಗಳೆಲ್ಲ ಹಸಿರಾದವು, ಗಿರಿಜಕ್ಕನದು ಬೋಳು. ಅಂದು ಸಂಜೆ ನನ್ನಾಕೆ, ಕಷಾಯಕ್ಕೆ ಒಂದು ಗೆಣ್ಣು ಶುಂಠಿ ಜಜ್ಜಿಕೊಡಿ ಎಂದಳು. ಶುಂಠಿ ಕೈಯಲ್ಲಿರುವಾಗಲೇ ಹೊಳೆಯಿತು, ಗಿರಿಜಕ್ಕ ಅಂದದ್ದೂ ಗೆಣ್ಣೇ. ದೀರ್ಘ ತಪ್ಪಿದ್ದಕ್ಕೆ, ಒತ್ತು ಬಿಟ್ಟದ್ದಕ್ಕೆ ನಾನು ಬೆಂಚಿನ ಮೇಲೆ ನಿಲ್ಲಿಸಿದ ಮಕ್ಕಳೆಷ್ಟೋ.

ಬೆಳಿಗ್ಗೆ ಯಾರೂ ಇಲ್ಲದಾಗ ಹೋಗಿ ಗದ್ದೆ ಕೆದಕಿದೆ. ಬಿಳಿಯ ಮೊಳಕೆಗಳು ಮೇಲೆ ಬರಲಾರದೆ ಮಣ್ಣೊಳಗೇ ಸುತ್ತಿಕೊಂಡು ಕೊಳೆಯುತ್ತಿದ್ದವು. ಗಡಿಬಿಡಿಯಲ್ಲಿ ಕಾಲಿನಿಂದ ಮಣ್ಣು ಮುಚ್ಚಿ ತಿರುಗಿದರೆ ಅಂಚಿನ ಮೇಲೆ ಗಿರಿಜಕ್ಕ. ಎಂತಾಯ್ತು ಮೇಷ್ಟ್ರೆ ಎಂದು ಕೇಳಿದರು. ಬೀಜವೇ ಹಳೆಯದಾಗಿತ್ತೇನೋ ಎಂದುಬಿಟ್ಟೆ. ಹಾಗೆಂದವನೇ ಮನೆ ಕಡೆ ಹೆಜ್ಜೆ ಹಾಕಿದೆ. ಆಮೇಲೆ ಮೂರು ದಿನ ಅವರ ಮನೆ ಮುಂದೆ ಹಾಯಲು ಮುಖವಿಲ್ಲದೆ ಸುತ್ತು ಹಾಕಿ ಓಡಾಡಿದೆ. ನಾಲ್ಕನೆಯ ದಿನ ತಡೆಯಲಾರದೆ ಅವರ ಜಗಲಿಯಲ್ಲಿ ಕೂತು ಗೆಣ್ಣು, ಗೇಣು, ಸುಳ್ಳು ಎಲ್ಲವನ್ನೂ ಒಪ್ಪಿಸಿದೆ.

"ಗೊತ್ತು ಮೇಷ್ಟ್ರೆ. ನೀವು ಹೋದ್ಮೇಲೆ ನಾನೂ ಕೆದಕಿ ನೋಡ್ದೆ."

ಅತ್ತೆಯ ಕಾಲದ ಬೀಜ ನನ್ನಿಂದ ನಿರ್ನಾಮವಾಯಿತಲ್ಲ ಎಂದೆ.

"ನಿರ್ನಾಮ ಎಂತಕ್ಕೆ? ನಾನೇ ಹೊಂದಿಸ್ತೀನಿ ಅಂತ ಹಿಂದಿನ ದಿನಾನೇ ಹೇಳಿದ್ರಲ್ಲ, ಆಗ್ಲೇ ಇನ್ನೊಂದು ಸಲ ಬಿತ್ತೋಕೆ ಆಗೋವಷ್ಟು ತೆಗೆದಿಟ್ಟಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಮರುವಾರ ಕೂರಿಗೆ ಮತ್ತೆ ಬಂತು. ಅಂದು ಬೆಳಿಗ್ಗೆ ಗಿರಿಜಕ್ಕ ನಮ್ಮನೆಗೆ ಬಂದು, ತುಂಬ ಅವಸರಕ್ಕೆ ಬೇಕು, ಸಾಗರದಿಂದ ಒಂದು ಪೊಟ್ಟಣ ಹೊಲಿಗೆ ಸೂಜಿ ತಂದುಕೊಡಿ ಎಂದರು. ಸೂಜಿ ಹತ್ತು ಗಂಟೆಗೇ ಸಿಕ್ಕಿತು. ನಾನು ಊರಿಗೆ ವಾಪಸು ಬಂದದ್ದು ಸಂಜೆಯ ಬಸ್ಸಿಗೆ.