ಟ್ರಾಮ್ಸೋದಲ್ಲಿ ಸಂಕಷ್ಟಿ

ಅಡಿಲೇಡಿನ ಹೊರವಲಯದ ಸ್ಯಾಲಿಸ್‌ಬರಿಯ ಉದಯಶಂಕರನಿಗೆ ದೇವರ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ, ಎಕ್ಸೆಲ್ ಮೇಲಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ 2019ರ ಮೇ ತಿಂಗಳಲ್ಲಿ ಹೆಂಡತಿ ಗೌರಿಯನ್ನು ಕಾರಿನಲ್ಲಿ ಕೂರಿಸಿಕೊಂಡು ನಾರ್ವೆಯ ಉದ್ದಗಲ ಸುತ್ತಿಸುತ್ತೇನೆಂದು ಅವನು ಸಂಕಲ್ಪ ಮಾಡಿದ್ದು ಜನವರಿಯಲ್ಲಿ. ಅಡಿಲೇಡಿನಲ್ಲಿ ಅಂದು ನಲವತ್ತೆರಡು ಡಿಗ್ರಿ ಬಿಸಿಲು. ಮನುಷ್ಯನಿಗೆ ಹಿಮದ ಯೋಚನೆ ಬರುವುದೇ ಅಂಥ ದಿನಗಳಲ್ಲಿ. ಓಸ್ಲೋದಿಂದ ಹೊರಟು ಬರ್ಗನ್, ಅಲ್ಲಿಂದ ಕುರಿ ಮೇಯುವ ಹಳ್ಳಿಗಳು, ಟ್ರಾಂಡೈಮ್, ಕಟ್ಟಕಡೆಗೆ ಭೂಮಿಯ ನೆತ್ತಿಯ ಹತ್ತಿರದ ಟ್ರಾಮ್ಸೋ. ದಿನಕ್ಕೊಂದು ಹಾಳೆ, ಕಾಲು ಗಂಟೆಗೊಂದು ಸಾಲು. ("ಪ್ರಕೃತಿ ಸೌಂದರ್ಯ ವೀಕ್ಷಣೆ, 10.15ರಿಂದ 10.30" ಎಂಬುದನ್ನು ಓದಿ ಗೌರಿ, "ಹತ್ತು ನಿಮಿಷಕ್ಕೇ ಮುಗಿದ್ಹೋದ್ರೆ ಏನ್ರೀ ಮಾಡೋದು?" ಎಂದು ಕೇಳಿದ್ದಳು. ಅದಕ್ಕೂ ಒಂದು ಕಾಲಂ ಸೇರಿತು.)

ಗೌರಿ ಇಡೀ ಪ್ರವಾಸದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ: ಮುಳುಗದ ಸೂರ್ಯನನ್ನು ನೋಡಬೇಕು. ಅದಕ್ಕೇ ಟ್ರಾಮ್ಸೋ, ಮೇ ಇಪ್ಪತ್ತೆರಡು, ಬುಧವಾರ. ವಿಮಾನದ ಟಿಕೆಟ್ ಆಯಿತು, ಆಫೀಸಿನಲ್ಲಿ ರಜೆಯೂ ಮಂಜೂರಾಯಿತು. ಆಮೇಲೆ ಗೌರಿ ಫ್ರಿಜ್ಜಿನ ಪಕ್ಕದ ಕ್ಯಾಲೆಂಡರ್ ತಿರುವಿದಳು.

"ರೀ, ಅವತ್ತು ಸಂಕಷ್ಟಿ ಕಣ್ರೀ."

"ಮಾಡ್ಕೊಳ್ಳೇ, ಅದಕ್ಕೇನಂತೆ? ಅಲ್ಲೇನು ಚಂದ್ರ ಇಲ್ವಾ?" ಎಂದ ಉದಯಶಂಕರ ಧಾರಾಳವಾಗಿ 'ಚಂದ್ರೋದಯ' ಎಂಬ ಹೊಸ ಕಾಲಂ ತೆರೆದ. ದಿನವಿಡೀ ಉಪವಾಸ, ಚಂದ್ರ ಕಂಡ ಮೇಲೆ ಅರ್ಘ್ಯ, ಆಮೇಲೆ ಊಟ. ಹದಿನೈದು ನಿಮಿಷದ ಕೆಲಸ. ಸರಿಯಾದ ಸಮಯ ನೋಡಿ ಹೇಳು ಎಂದು ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಓದುತ್ತಿದ್ದ ಮಗಳು ಪ್ರಣತಿಗೆ ಫೋನ್ ಮಾಡಿದ.

"ಅಪ್ಪಾ, ಇಟ್ ಡಸಂಟ್ ರೈಸ್," ಎಂದಳು ಪ್ರಣತಿ.

"ಏನು ಡಸಂಟ್ ರೈಸ್?"

"ದ ಮೂನ್! ಅಷ್ಟು ನಾರ್ತ್‌ನಲ್ಲಿ ಆಗ ಸನ್ ಮುಳುಗಲ್ಲ, ಮೂನ್ ಹುಟ್ಟಲ್ಲ. ಎರಡು ದಿನ ಆದ್ಮೇಲೇ ಬರೋದು. ಅಮ್ಮ ವಿಲ್ ಸ್ಟಾರ್ವ್!"

ಉದಯಶಂಕರನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅದೇ ಎದೆ ಕೈಕೊಟ್ಟು, ಬೈಪಾಸ್ ಆಗಿ, ಅವನು ನಳಿಗೆಗಳ ನಡುವೆ ಮಲಗಿದ್ದಾಗ ಗೌರಿ ಸಂಕಷ್ಟಿಯ ಹರಕೆ ಹೊತ್ತಿದ್ದಳು. ಅಲ್ಲಿಂದ ಒಂದೂ ತಪ್ಪಿಸಿರಲಿಲ್ಲ. ಎಂಜಿನಿಯರಾದ ಉದಯಶಂಕರ ಇದನ್ನೆಲ್ಲ ನಂಬುವವನಲ್ಲ. ಆದರೆ ಒಳಗೊಳಗೇ ಅವನಿಗೆ ಖಾತ್ರಿಯಾಗಿಬಿಟ್ಟಿತ್ತು: ತನ್ನ ಹೃದಯ ಓಡುತ್ತಿರುವುದು ಅರ್ಧ ಮಾತ್ರೆಯಿಂದ, ಅರ್ಧ ಗೌರಿಯ ಉಪವಾಸದಿಂದ. ಒಂದು ತಪ್ಪಿದರೂ ತನ್ನ ಕಥೆ ಮುಗಿಯಿತು. ಇದನ್ನು ಹೆಂಡತಿಗೆ ಹೇಳಿಕೊಳ್ಳಲು ಮಾನ ಅಡ್ಡ ಬಂತು.

ಪರ್ತ್‌ನಲ್ಲಿದ್ದ ಗೆಳೆಯ ಸತ್ಯನಾರಾಯಣ ಸಾಫ್ಟ್‌ವೇರ್ ಕೆಲಸದವನಾದರೂ ವಾರಾಂತ್ಯದಲ್ಲಿ ಊರವರಿಗೆಲ್ಲ ಪೂಜೆ ಮಾಡಿಸುತ್ತಿದ್ದ. ಅವನು ಎರಡು ನಿಮಿಷದಲ್ಲಿ ಪರಿಹಾರ ಹೇಳಿದ: ಮೈಸೂರಿನ ಚಂದ್ರನನ್ನು ವಿಡಿಯೋದಲ್ಲಿ ತೋರಿಸು.

"ಅರ್ಘ್ಯ ಎಲ್ಲಿಗ್ರೀ ಬಿಡ್ಲಿ, ಫೋನ್ ಮೇಲಾ?" ಎಂದಳು ಗೌರಿ.

ಉಳಿದದ್ದು ಒಂದೇ ದಾರಿ. ಚಂದ್ರ ಇವರಿದ್ದಲ್ಲಿಗೆ ಬಾರದಿದ್ದರೆ ಇವರೇ ಚಂದ್ರನಿದ್ದಲ್ಲಿಗೆ ಹೋಗಬೇಕು. ಉದಯಶಂಕರ ಮೂರು ವಾರ ಕೂತು ಇಡೀ ನಾರ್ವೆಯನ್ನು ಹೊಸದಾಗಿ ಹೆಣೆದ. ಸೂರ್ಯ ಮುಳುಗದ ಮೊದಲ ದಿನವೇ ಟ್ರಾಮ್ಸೋದಲ್ಲಿ ಅವನನ್ನೊಮ್ಮೆ ನೋಡಿ, ಕಾರು ತಿರುಗಿಸಿ, ಸಾವಿರದ ಆರುನೂರು ಕಿಲೋಮೀಟರ್ ಓಡಿ, ಬುಧವಾರ ರಾತ್ರಿಯೊಳಗೆ ಓಸ್ಲೋ ಸೇರುವುದು. ಅಲ್ಲಿ ಚಂದ್ರ, ತಡವಾಗಿಯಾದರೂ, ಬರುತ್ತಾನೆ. ಬರ್ಗನ್ ಹೋಯಿತು. ಹಳ್ಳಿಗಳು ಹೋದವು. ಕುರಿಗಳಂತೂ ಮೊದಲೇ ಹೋದವು.

ಹದಿನಾಲ್ಕನೇ ಆವೃತ್ತಿಯನ್ನು ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಚ್ಚಿಟ್ಟ. ಗೌರಿ ಕನ್ನಡಕ ಹಾಕಿಕೊಂಡು ಹಾಳೆಹಾಳೆ ಓದಿದಳು.

"ಇದ್ರಲ್ಲಿ ನಾವು ಇಳಿಯೋದೆಲ್ಲಿ?"

"ಪೆಟ್ರೋಲಿಗೆ ನಿಲ್ಲಿಸ್ತೀನಲ್ಲ."

"ಇಷ್ಟೆಲ್ಲಾ ಯಾಕ್ರೀ? ಒಂದು ಸಂಕಷ್ಟಿ ಬಿಟ್ರಾಯ್ತು."

"ಬಿಡೋದಾ!" ಉದಯಶಂಕರ ಕುರ್ಚಿಯಿಂದೆದ್ದೇಬಿಟ್ಟ. ಮಾನ ಮರ್ಯಾದೆಯೆಲ್ಲ ಎಲ್ಲಿ ಹೋಯಿತೋ, ಎದೆಯ ಮೇಲೆ ಕೈಯಿಟ್ಟುಕೊಂಡ. "ನಂಗೆ ಭಯ ಆಗತ್ತೆ ಕಣೇ. ನೀನು ಬಿಟ್ಟ ದಿನ ಇದು ನಿಂತ್ಹೋದ್ರೆ?"

ಗೌರಿ ಕನ್ನಡಕ ತೆಗೆದು ಗಂಡನ ಮುಖ ನೋಡಿದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ನಾನು ಹರಕೆ ಹೊತ್ತಿದ್ದು ಇಪ್ಪತ್ತೊಂದೇ ಸಂಕಷ್ಟಿಗೆ. ಅದು ಮುಗಿದು ವರ್ಷದ ಮೇಲಾಯ್ತು. ಎಲ್ಲಾ ಲೆಕ್ಕ ಇಡ್ತೀರ, ಇದನ್ನ ಎಣಿಸ್ಲಿಲ್ವಾ?"

ಉದಯಶಂಕರ ಕುಸಿದು ಕೂತ. ಹಾಗಾದರೆ ವರ್ಷದ ಮೇಲಿಂದ ತನ್ನ ಹೃದಯ ಯಾರ ಆಸರೆಯೂ ಇಲ್ಲದೆ ಓಡುತ್ತಿದೆ! ಅನಾಥನಾದಂತೆ ಅನ್ನಿಸಿತು.

"ಮತ್ತೆ ಯಾಕೆ ಹಸ್ಕೊಂಡಿರ್ತೀಯ?"

"ಅವತ್ತೊಂದಿನ ನೀವು ಹಿತ್ತಲಿಗೆ ಬಂದು ನನ್ನ ಪಕ್ಕ ನಿಲ್ತೀರಲ್ಲ, ಚಂದ್ರ ಬರೋವರ್ಗೂ, ಅದಕ್ಕೆ." ಗೌರಿಯ ದನಿ ಸಣ್ಣಗಾಯಿತು. "ಮೋಡ ಇದ್ರೆ ಇನ್ನೂ ಅರ್ಧ ಗಂಟೆ ಜಾಸ್ತಿ ಸಿಗತ್ತೆ. ಮಿಕ್ಕಿದ್ ದಿನ ನಿಮ್ಮ ಮುಖ ನೋಡೋಕೆ ನಾನೂ ಒಂದು ಕಾಲಂ ಆಗ್ಬೇಕು."

ಉದಯಶಂಕರ ಅವಳ ಮುಂದಿದ್ದ ಹಾಳೆಗಳನ್ನು ಎಳೆದುಕೊಂಡ. ಕಣ್ಣೊರೆಸಿಕೊಂಡು, ಹದಿನಾಲ್ಕನೇ ಆವೃತ್ತಿಯನ್ನು ಒಂದೊಂದೇ ಹಾಳೆಯಾಗಿ ಹರಿದ. ಈ ಹುಚ್ಚು ಓಟ ಬೇಡ, ಮೊದಲಿನಂತೆ ಹೋಗೋಣ, ಬುಧವಾರ ಟ್ರಾಮ್ಸೋದಲ್ಲೇ ಇರೋಣ, ನೀನು ಹೇಳಿದ ಹಾಗೇ ಎಲ್ಲ ಎಂದ. 

"ಆದ್ರೂ ಸಂಕಷ್ಟಿ ಬಿಡೋದು ಬೇಡ ಬಿಡಿ," ಎಂದಳು ಗೌರಿ ಯೋಚಿಸಿ. "ನಿಮಗೆ ಅಷ್ಟು ಭಯ ಅಂದ್ಮೇಲೆ. ಈ ಸಲ ನೀವೇ ಮಾಡ್ಬಿಡಿ. ನಿಮ್ಮ ಹೃದಯ ತಾನೇ?"

"ನಾನಾ? ಅಲ್ಲಿ ಚಂದ್ರ ಎರಡು ದಿನ ಬರಲ್ವಲ್ಲೇ!"

"ಬರೋವರ್ಗೂ ಕಾಯೋಣ. ನಾನೂ ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ," ಎಂದಳು ಗೌರಿ, "ಊಟ ಮುಗಿಸ್ಕೊಂಡು ಬಂದು."